ಐದು ಕೇರಿಗಳ ಕಟ್ಟಳೆ

ನಾನು ಹುಟ್ಟಿದ ದಿನ ನಮ್ಮ ಮನೆಯ ಎದುರಿಗೆ ಮಗ್ಗದಕೇರಿ ಇತ್ತಂತೆ. ಹೆಸರಿಡುವ ಹೊತ್ತಿಗೆ ಅದು ತೇಲಿಕೊಂಡು ಹೋಗಿ ಆ ಜಾಗಕ್ಕೆ ಎಣ್ಣೆಕೇರಿ ಬಂದಿತ್ತು. ಹೀಗಾಗಿ ಅವ್ವ ಎಲೆ ಅಡಿಕೆ ಕೊಟ್ಟು ಕರೆದ ನೆರೆಯವರು ಬೇರೆ, ಬಂದು ತೊಟ್ಟಿಲು ತೂಗಿದವರು ಬೇರೆ. ನಮ್ಮ ಊರಿನಲ್ಲಿ ಇದನ್ನು ಯಾರೂ ವಿಚಿತ್ರ ಅಂದುಕೊಳ್ಳುವುದಿಲ್ಲ. ಕೆರೆ ಸಮುದ್ರದಷ್ಟು ದೊಡ್ಡದು. ಅದರ ಮೇಲೆ ನಮ್ಮ ಐದು ಕೇರಿಗಳು ಮನೆ, ಮರ, ಗುಡಿ, ಮಸೀದಿ, ಹಿತ್ತಲು, ಕೋಳಿಗೂಡುಗಳ ಸಮೇತ ತೇಲುತ್ತವೆ. ಹೆಣ್ಣು ಕೊಡುವಾಗ ವರನ ಮನೆ ಎಷ್ಟು ದೂರ ಎಂದು ನಾವು ಕೇಳುವುದಿಲ್ಲ, ಯಾವ ತಿಂಗಳಲ್ಲಿ ಎಷ್ಟು ದೂರ ಎಂದು ಕೇಳುತ್ತೇವೆ. ಗಡ್ಡ ತೆಗೆಸಲು ಪಕ್ಕದ ಕೇರಿಗೆ ಹೋದವನು ಮಳೆಗಾಲ ಕಳೆದ ಮೇಲೆ ಮನೆಗೆ ಬಂದದ್ದೂ ಉಂಟು. ಅಷ್ಟರಲ್ಲಿ ಗಡ್ಡ ಮೊದಲಿನಷ್ಟೇ ಬೆಳೆದಿರುತ್ತಿತ್ತು.

ನನ್ನ ಹೆಸರು ನೀಲಗಂಗವ್ವ. ಐದರಲ್ಲಿ ಎಲ್ಲಕ್ಕಿಂತ ಸಣ್ಣದಾದ ಹಿಡಿಕೇರಿಯವಳು. ನೂಲಿಗೆ ಬಣ್ಣ ಹಾಕುವುದು ನಮ್ಮ ಮನೆತನದ ಕಸುಬು. ನನ್ನ ಕೈ ಮೊಣಕೈವರೆಗೆ ನೀಲಿ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ.

ನಾನು ಚಿಕ್ಕವಳಿದ್ದಾಗ ಐದೂ ಕೇರಿಗಳನ್ನು ದಡದ ದೇಸಾಯಿ ಒಂದು ಉದ್ದನೆಯ ಕಬ್ಬಿಣದ ಸರಪಳಿಯಿಂದ ಹಿಡಿದುಕೊಂಡಿದ್ದ. ಸುಗ್ಗಿ ಬಂತೆಂದರೆ ಆನೆ ಕಟ್ಟಿ ಎಳೆಸುತ್ತಿದ್ದ. ನಾವು ಉಣ್ಣುತ್ತಿರಲಿ, ಹೆರುತ್ತಿರಲಿ, ಹೆಣ ಎತ್ತುತ್ತಿರಲಿ, ಕೇರಿ ಜೋಲಿ ಹೊಡೆದು ದಡಕ್ಕೆ ಹೋಗಿ ಬಡಿಯುತ್ತಿತ್ತು. ಅವನ ಜನ ಬಂದು ಕಂದಾಯ ಎತ್ತಿಕೊಂಡು ಹೋಗುತ್ತಿದ್ದರು. ಎಳೆಯುವ ಮೊದಲು ಒಂದು ಮಾತು ಕೇಳಿ ಎಂದು ನಮ್ಮ ಹಿರಿಯರು ಬೇಡಿಕೊಂಡರು. ನೀರಿನ ಮೇಲಿನವರನ್ನು ಕೇಳುವುದೇನು ಎಂದು ಅವನು ನಕ್ಕ. ಕಡೆಗೆ, ನನ್ನ ಮದುವೆಯಾದ ಮೇಲೆ, ಐದೂ ಕೇರಿಯವರು ಕೂಡಿ ಅವನ ಮೇಲೆ ಎದ್ದರು. ಮುಂದೆ ನಿಂತವರು ಹಿರೇಕೇರಿಯ ಬಾಳನಗೌಡರು. ಎತ್ತರದ ಆಳು, ಮಾತು ಕಡಿಮೆ. ಅವರು ದಡದಲ್ಲಿ ಕಾದಾಡುತ್ತಿದ್ದಾಗ, ನೀರಿನೊಳಗೆ ಮುಳುಗಿ ಸರಪಳಿಯನ್ನು ಗರಗಸದಿಂದ ಕೊಯ್ದವರು ದೋಣಿಯವರು. ದೋಣಿಯವರೆಂದರೆ ಸುಣ್ಣದಕೇರಿಯ ಅಂಚಿಗೆ ಕಟ್ಟಿದ ದೋಣಿಗಳಲ್ಲೇ ಹುಟ್ಟಿ, ಸುಣ್ಣದ ಭಟ್ಟಿಗೆ ಚಿಪ್ಪು ಹೊತ್ತು, ಹುಟ್ಟು ಹಾಕಿ, ಅಲ್ಲೇ ಸಾಯುವ ಜನ. ಅಪ್ಪನ ಜೀತ ಮಗನಿಗೆ, ಮಗನದು ಮೊಮ್ಮಗನಿಗೆ. ಅವತ್ತು ಮುಳುಗಿದವರಲ್ಲಿ ಎಷ್ಟೋ ಜನ ಮೇಲೆ ಬರಲಿಲ್ಲ. ಹುಲಿಗೆವ್ವ ಎಂಬವಳ ಗಂಡ ಅವರಲ್ಲೊಬ್ಬ.

ಸರಪಳಿ ಹರಿದ ದಿನ ನಾವು ಕುಣಿದದ್ದೇ ಕುಣಿದದ್ದು. ನನ್ನ ಗಂಡ ಫಕೀರಪ್ಪ ಹಲಗೆ ಬಾರಿಸಿ ಬಾರಿಸಿ ಅಂಗೈ ಒಡೆದುಕೊಂಡ. ಆಮೇಲೆ ಐದು ಕೇರಿಗಳೂ ಒಂದಕ್ಕೊಂದು ಹಗ್ಗ ಹಾಕಿಕೊಂಡೆವು. ಯಾರ ಹಗ್ಗ ಅವರದು, ಬೇಕಾದಾಗ ಕಟ್ಟಬಹುದು, ಬೇಡವಾದಾಗ ಬಿಚ್ಚಬಹುದು. ಕೇಳಲು ಚೆನ್ನಾಗಿತ್ತು. ಆದರೆ ಹಗ್ಗ ಹೊಸೆಯಲು ನಾರು ಕೊಡಿ ಎಂದರೆ ಎಲ್ಲರೂ ಪಕ್ಕದ ಕೇರಿಯ ಕಡೆ ಕೈ ತೋರಿಸುತ್ತಿದ್ದರು. ಒಂದು ವೈಶಾಖದಲ್ಲಿ ಬಿರುಗಾಳಿ ಎದ್ದಿತು. ಎಣ್ಣೆಕೇರಿಯವರು ಹೆದರಿ ತಮ್ಮ ಹಗ್ಗ ಬಿಚ್ಚಿಕೊಂಡರು. ಹಿಡಿತ ತಪ್ಪಿದ ಹಿರೇಕೇರಿ ತಿರುಗಿ ಬಂದು ಮಗ್ಗದಕೇರಿಗೆ ಗುದ್ದಿತು. ನೇಕಾರರ ಒಂದು ಓಣಿಯೇ ನೀರಿಗೆ ಜಾರಿತು. ಮರುದಿನ ಮಗ್ಗದ ಹಲಗೆಗಳು ತೇಲಿ ನಮ್ಮ ಬಣ್ಣದ ಕಟ್ಟೆಗೆ ಬಂದು ತಗುಲಿದವು. ಕೆಲವಕ್ಕೆ ಅರ್ಧ ನೇಯ್ದ ಸೀರೆ ಇನ್ನೂ ಅಂಟಿತ್ತು. ಆ ನೂಲಿಗೆ ಬಣ್ಣ ಹಾಕಿದವಳು ನಾನೇ.

ಆಗ ಬಾಳನಗೌಡರು ಎಲ್ಲ ಕೇರಿಗಳಿಗೂ ಹೇಳಿ ಕಳಿಸಿದರು: ಆರಿಸಿದವರನ್ನು ಕಳಿಸಿ, ಕೂತು ಮಾತಾಡಿ ಒಂದು ಕಟ್ಟಳೆ ಮಾಡೋಣ. ನಮ್ಮ ಕೇರಿಯಲ್ಲಿ ಜಗಳ ಬಿಡಿಸಲು ಜನ ನನ್ನ ಬಳಿಗೇ ಬರುತ್ತಿದ್ದರು. ಹಾಗಾಗಿ ನನ್ನನ್ನೇ ಕಳಿಸಿದರು. ಫಕೀರಪ್ಪ ಬುತ್ತಿ ಕಟ್ಟಿಕೊಡುತ್ತ, "ಅಲ್ಲಿ ಹೋಗಿ ಒದರಬ್ಯಾಡ. ಸಾವಕಾಶ ಮಾತಾಡು. ನಿನ್ನ ಸಾವಕಾಶನೇ ಸಾಕು ಅವರಿಗೆ," ಅಂದ.

ಸಭೆ ನಡೆದದ್ದು ಹಿರೇಕೇರಿಯ ಹಳೆಯ ಗಾಣದ ಮನೆಯಲ್ಲಿ. ಕೆಟ್ಟ ಸೆಕೆ. ಆದರೂ ಕಿಟಕಿ ಬಾಗಿಲು ಮುಚ್ಚಿಸಿದರು. ಒಳಗಿನ ಅರ್ಧ ಮಾತು ಹೊರಗೆ ಹೋದರೆ ಕೇರಿ ಕೇರಿಗೆ ಬೆಂಕಿ ಹತ್ತುತ್ತದೆ ಎಂಬ ಭಯ. ನಾನು ಒಳಗೆ ಕಾಲಿಟ್ಟೊಡನೆ ಸುಣ್ಣದಕೇರಿಯ ಜಂಬಣ್ಣ ಮೀಸೆಯಡಿ ನಕ್ಕ. ಸುಣ್ಣದ ಭಟ್ಟಿಗಳ ಯಜಮಾನ, ರೇಷ್ಮೆ ರುಮಾಲಿನವ.

"ಹಿಡಿಕೇರ್ಯಾಗ ಗಂಡಸರು ಇಲ್ಲೇನ್ರಿ?"

"ಅದಾರ್ರಿ," ಅಂದೆ. "ಅವರೆಲ್ಲಾ ಕೂಡಿನ ನನ್ನ ಕಳಿಸ್ಯಾರ."

ಬಾಳನಗೌಡರು ನನಗೆ ಕೂಡಲು ಜಾಗ ತೋರಿಸಿದರು. ಅಲ್ಲಿಗೆ ಆ ಮಾತು ಮುಗಿಯಿತು.

ಮೊದಲಿಗೇ ಒಬ್ಬ ಎದ್ದು, ಇಷ್ಟೆಲ್ಲ ತಲೆಬೇನೆ ಯಾಕೆ, ಗೌಡರನ್ನೇ ನಮ್ಮ ದೇಸಾಯಿ ಮಾಡಿಬಿಡೋಣ ಅಂದ. ಹಲವರು ಹೌದು ಹೌದು ಎಂದರು. ಬಾಳನಗೌಡರ ಮುಖ ಕೆಂಪಾಯಿತು. "ಸರಪಳಿ ಕಡದದ್ದು ಅದರ ತುದಿ ನಾ ಹಿಡಕೊಳ್ಳಾಕ ಅಲ್ಲಪಾ," ಎಂದರು. ಇಡೀ ಸಭೆಯಲ್ಲಿ ಅವರು ಆಡಿದ ಅತಿ ಉದ್ದದ ಮಾತುಗಳಲ್ಲಿ ಅದೂ ಒಂದು. ಬೇರೆ ಯಾರಾದರೂ ಆಗಿದ್ದರೆ ಬೇಡ ಅನ್ನುತ್ತಿದ್ದರೋ ಇಲ್ಲವೋ. ನನ್ನ ಕಣ್ಣಲ್ಲಿ ಅವರು ದೊಡ್ಡವರಾದದ್ದು ಯುದ್ಧದಲ್ಲಿ ಅಲ್ಲ, ಆ ಹೊತ್ತಿನಲ್ಲಿ.

ಯೋಜನೆ ತಂದವರು ವಿರೂಪಯ್ಯ ಮಾಸ್ತರರು. ಹಿರೇಕೇರಿಯವರೇ. ಕಡ್ಡಿಯಂಥ ದೇಹ, ಮಾತಿಗೊಮ್ಮೆ ಕೆಮ್ಮು, ಓದದ ಪುಸ್ತಕ ಇಲ್ಲ. ಅವರು ಹೇಳಿದ್ದು ಇಷ್ಟು: ಕೆರೆಯ ನಡುವೆ ನೀರಿನಿಂದ ಮೇಲೆದ್ದ ಬಂಡೆ ಇದೆ, ನಡುಗಲ್ಲು ಅನ್ನುತ್ತೇವೆ. ಅದರ ಮೇಲೆ ದೊಡ್ಡ ರಾಟೆ ಹೂಡಬೇಕು. ಐದೂ ಕೇರಿಗಳ ಹಗ್ಗ ಆ ರಾಟೆಗೆ. ಯಾವ ಕೇರಿಯೂ ತನ್ನಷ್ಟಕ್ಕೆ ಬಿಚ್ಚಿಕೊಂಡು ಹೋಗುವಂತಿಲ್ಲ. ಹಗ್ಗ ಯಾವಾಗ ಎಳೆಯಬೇಕು, ಯಾವಾಗ ಸಡಿಲ ಬಿಡಬೇಕು, ಯಾರು ಎಷ್ಟು ನಾರು ಕೊಡಬೇಕು ಎಂಬುದನ್ನೆಲ್ಲ ಒಂದು ಸಭೆ ಹೇಳಬೇಕು. ರಾಟೆ ತಿರುಗಿಸುವವನನ್ನು ಜನ ಆರಿಸಬೇಕು. ಅವನಿಗೆ ಒಂದು ಅವಧಿ, ಆಮೇಲೆ ಮತ್ತೆ ಜನರ ಮುಂದೆ ಬಂದು ನಿಲ್ಲಬೇಕು. ಅವನೂ ಸಭೆಯೂ ಕೂಡಿ ತಪ್ಪಿದರೆ ನಿಲ್ಲಿಸಿ ಎನ್ನಲು ಮೂವರು ನ್ಯಾಯದವರು.

ಎಲ್ಲ ಸರಿ. ಸಭೆಯಲ್ಲಿ ಯಾರು ಎಷ್ಟು ಜನ? "ತಲೆ ಎಣಿಸಿ," ಅಂದರು ಮಾಸ್ತರರು. ಹಿರೇಕೇರಿಯಲ್ಲಿ ಇರುವ ತಲೆಗಳ ಮುಂದೆ ನಮ್ಮವು ಚಿಟಿಕೆ ಉಪ್ಪು. ನಾನು ಎದ್ದೆ.

"ಹಂಗಾದ್ರ ದೇಸಾಯಿ ಹೋಗಿ ಹಿರೇಕೇರಿ ಬಂತು, ಅಷ್ಟ. ನಮ್ಮ ಹಗ್ಗ ನೀವು ಎಳದಾಗೆಲ್ಲಾ ನಾವು ಬರೂದು. ಕೇರಿಗೊಂದು ಕೈ ಅನ್ರಿ, ಒಪ್ತೀನಿ."

"ಹತ್ತು ಮನಿಗೂ ಒಂದ ಕೈ, ಸಾವಿರ ಮನಿಗೂ ಒಂದ ಕೈ? ಅದ್ಯಾವ ನ್ಯಾಯ ನೀಲಗಂಗವ್ವ?" ಎಂದರು ಮಾಸ್ತರರು.

ಅಲ್ಲಿಂದ ಶುರುವಾದ ಜಗಳ ದಿನಗಟ್ಟಲೆ ನಡೆಯಿತು. ಬೆವರಿನಲ್ಲಿ ಅಂಗಿ ಒದ್ದೆ, ಗಂಟಲು ಒಣ. ಎಣ್ಣೆಕೇರಿಯ ಇಬ್ಬರು ಸಿಟ್ಟಾಗಿ ಮನೆಗೆ ಹೋದವರು ತಿರುಗಿ ಬರಲಿಲ್ಲ. ನಾನೂ ಬುತ್ತಿ ಗಂಟು ಕಟ್ಟಿಕೊಂಡು ಎದ್ದಿದ್ದೆ. ಬಾಗಿಲ ಹತ್ತಿರ ಮಾಸ್ತರರು ಒಬ್ಬರೇ ಕೂತು ಒಣರೊಟ್ಟಿ ಮುರಿಯುತ್ತಿದ್ದರು. ಕೆಮ್ಮಿನಿಂದ ನುಂಗಲು ಆಗುತ್ತಿರಲಿಲ್ಲ. ನನ್ನ ಬುತ್ತಿಯಲ್ಲಿ ಮೊಸರು ಇತ್ತು. ಕೊಟ್ಟೆ. ಎದುರಿಗೇ ಕೂತೆ.

"ಮಾಸ್ತರ್ರ, ತಲಿ ಎಣಿಸಿದ್ರ ನಾವು ಮುಳುಗ್ತೀವಿ. ಕೇರಿ ಎಣಿಸಿದ್ರ ನೀವು ಉರೀತೀರಿ. ಎರಡೂ ಎಣಿಸಿದ್ರ ಏನಾಗತೈತಿ?"

"ಎರಡೂ ಅಂದ್ರ?"

"ಎರಡು ಸಭಾ ಮಾಡ್ರಿ. ಒಂದರಾಗ ತಲಿ ಲೆಕ್ಕ. ಒಂದರಾಗ ಕೇರಿ ಲೆಕ್ಕ. ರಾಟಿಗೆ ಎರಡು ಅಗುಳಿ ಹಾಕಿಸ್ರಿ. ಎರಡೂ ಸಭಾದವರು ತಗದ್ರ ಅಷ್ಟ ಅದು ತಿರಗಬೇಕು."

ಅವರು ಮೊದಲು ಸಿಟ್ಟಾದರು. ಅವರು ವರ್ಷಗಟ್ಟಲೆ ಯೋಚಿಸಿ ಕಟ್ಟಿದ್ದ ಲೆಕ್ಕವೆಲ್ಲ ಒಂದೇ ಸಭೆಯ ಮೇಲೆ ನಿಂತಿತ್ತು. ನಡುವೆ ನಾನು ಗೋಡೆ ಎಬ್ಬಿಸಿದೆ ಎಂದರು. ಆಮೇಲೆ ಮೊಸರಿನ ಗಡಿಗೆ ಬರಿದು ಮಾಡಿ ಎದ್ದರು. ಸಭೆ ಕೂಡಿದಾಗ ಎರಡು ಅಗುಳಿಯ ಮಾತನ್ನು ಎತ್ತಿ ಹಿಡಿದವರು ಅವರೇ. ನಾನು ಹೇಳುವುದಕ್ಕಿಂತ ನೂರು ಪಾಲು ಚೆನ್ನಾಗಿ ಹೇಳಿದರು. ತಮ್ಮನ್ನೇ ಸೋಲಿಸಿದ ಮಾತನ್ನು ಇನ್ನೊಬ್ಬರಿಗಾಗಿ ಗೆಲ್ಲಿಸಿಕೊಟ್ಟವರನ್ನು ನಾನು ಅವತ್ತೇ ಮೊದಲು ಕಂಡದ್ದು.

ಇಷ್ಟಾದ ಮೇಲೆ ಜಂಬಣ್ಣ ಎದ್ದ. ತಲೆ ಎಣಿಸುವುದಾದರೆ ನಮ್ಮ ದೋಣಿಯವರನ್ನೂ ಎಣಿಸಬೇಕು ಎಂದ. ನನಗೆ ಖುಷಿಯಾಯಿತು, ಅವರೂ ಸಭೆಗೆ ಆಳು ಆರಿಸಲಿ ಎಂದೆ. ಅವನು ನನ್ನನ್ನು ಹುಚ್ಚಿಯನ್ನು ನೋಡಿದಂತೆ ನೋಡಿದ.

"ಅವರ್ಯಾಕ ಆರಿಸ್ತಾರವಾ? ಅವರ ತಲಿಗೆ ಬರೋ ಜಾಗಾದಾಗ ನಾವು ಕುಂದರ್ತೀವಿ."

"ಎಣಿಸಾಕ ಬೇಕು, ಮಾತಾಡಾಕ ಬ್ಯಾಡ?"

"ಒಪ್ಪದಿದ್ರ ಸುಣ್ಣದಕೇರಿ ನಿಮ್ಮ ರಾಟಿಗೆ ಹಗ್ಗಾ ಕೊಡೂದಿಲ್ಲ. ನಮ್ಮ ದಾರಿ ನಮಗ."

ನಾನು ಬಾಳನಗೌಡರ ಕಡೆ ತಿರುಗಿದೆ. "ಗೌಡ್ರ, ಸರಪಳಿ ಕೊಯ್ದವರು ಯಾರು ಅಂತ ನಿಮಗಿಂತ ಚಲೋ ಯಾರಿಗೆ ಗೊತ್ತೈತಿ?" ಎಂದೆ. ಅವರ ಮನೆಯಲ್ಲೂ ಜೀತದ ದೋಣಿಯವರಿದ್ದರು. ಗೌಡರು ತಲೆ ತಗ್ಗಿಸಿದರು, ಎತ್ತಲಿಲ್ಲ. ಕಡೆಗೆ ರಾಜಿ ಎಂದು ಬರೆದದ್ದು ಹೀಗೆ: ಇಬ್ಬರು ದೋಣಿಯವರಿಗೆ ಒಂದು ತಲೆಯ ಲೆಕ್ಕ, ಅವರ ಪರವಾಗಿ ಮಾತು ಯಜಮಾನರದು. ನಾನು ಎದ್ದು ನಿಂತು ಬೇಡ ಎಂದೆ. ಕೈ ಎತ್ತಿದವಳು ನಾನೊಬ್ಬಳೇ. ನೀಲಿ ಕೈ ಎಲ್ಲರಿಗೂ ಕಾಣುತ್ತಿತ್ತು.

ಕಟ್ಟಳೆಯನ್ನು ಮಗ್ಗದಕೇರಿಯವರು ನೇಯ್ದ ದಪ್ಪ ಬಿಳಿ ಬಟ್ಟೆಯ ಮೇಲೆ ಬರೆದರು. ಮೊದಲ ಸಾಲಿನಲ್ಲಿ ದೇವರ ಹೆಸರಿಲ್ಲ, ಅರಸನ ಹೆಸರಿಲ್ಲ. 'ಈ ನೀರಿನ ಮೇಲೆ ಬದುಕುವ ನಾವು' ಎಂದು ಇತ್ತು. ಓದುತ್ತಿದ್ದಂತೆ ನನ್ನ ಮೈ ಜುಮ್ಮೆಂದಿತು. ಹಾಗೆ ಶುರುವಾಗುವ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ. ಆದರೆ ಆ 'ನಾವು' ಎನ್ನುವುದರಲ್ಲಿ ನೀರಿನ ಮೇಲೇ ಹುಟ್ಟಿ ಸಾಯುವವರು ಇರಲಿಲ್ಲ. ಸಹಿ ಹಾಕುವುದಿಲ್ಲ ಎಂದೆ. ಮಾಸ್ತರರು ಪಕ್ಕಕ್ಕೆ ಕರೆದು, "ಕಡೀ ಸಾಲು ಓದವಾ," ಎಂದರು. ಎರಡೂ ಸಭೆ ಒಪ್ಪಿ, ನಾಲ್ಕು ಕೇರಿಗಳು ಹೂಂ ಅಂದರೆ ಈ ಕಟ್ಟಳೆಯ ಯಾವ ಮಾತನ್ನಾದರೂ ಬದಲಿಸಬಹುದು ಎಂದು ಅಲ್ಲಿತ್ತು. "ಇವತ್ತ ಇಷ್ಟ ಆಗತೈತಿ. ನನಗೂ ನಾಚಿಕಿ ಐತಿ. ಈ ಸಾಲು ನಾ ಬರದದ್ದು ಅದಕ." ನಾನು ಆಗಲೂ ಸಹಿ ಹಾಕಲಿಲ್ಲ. ನನ್ನ ಕೇರಿಯನ್ನು ಕೇಳಿ ಬರುತ್ತೇನೆ ಎಂದೆ.

ನನ್ನನ್ನು ಮನೆಗೆ ದಾಟಿಸಿದವಳು ಹುಲಿಗೆವ್ವ. ಗಂಡ ಸತ್ತ ಮೇಲೆ ಅವನ ದೋಣಿ, ಅವನ ಜೀತ ಎರಡೂ ಅವಳಿಗೆ ಬಂದಿದ್ದವು. ನಡುನೀರಿನಲ್ಲಿ ನಾನು ಎಲ್ಲ ಹೇಳಿದೆ. ಮುಚ್ಚಿಡುವುದು ನನ್ನಿಂದ ಆಗಲಿಲ್ಲ. "ನಾ ಏನ ಮಾಡ್ಲಿ ಹುಲಿಗೆವ್ವ? ಒಪ್ಪದಿದ್ರ ಮುಂದಿನ ಗಾಳಿಗೆ ಇನ್ನೊಂದು ಓಣಿ ಮುಳುಗತೈತಿ. ಒಪ್ಪಿದ್ರ ನಿಮ್ಮನ್ನ ಮಾರಿದಂಗ."

ಅವಳು ಹುಟ್ಟು ಹಾಕುವುದನ್ನು ನಿಲ್ಲಿಸಿದಳು. "ನನ್ನ ಕೇಳಾಕತ್ತೀರಿ. ಇಂಥಾ ಮಾತು ನನ್ನ ಯಾರೂ ಕೇಳಿಲ್ರಿ." ಮತ್ತೆ ಹುಟ್ಟು ಎತ್ತಿಕೊಂಡಳು. "ಬದಲಿಸೋ ದಾರಿ ಐತಿ ಅಂತೀರಿ. ಆ ದಾರ್ಯಾಗ ನೀವು ನಡೀತೀರೇನು, ಇಲ್ಲಾ ತೋರಿಸಿ ಮನಿಗೆ ಹೊಕ್ಕೀರೇನು?"

"ನಡೀತೀನಿ."

"ಹಂಗಾರ ರಾಟಿ ಹೂಡ್ರಿ. ಗಾಳಿ ಬಂದ್ರ ಮೊದಲು ಸಾಯೋರು ನಾವ."

ನಮ್ಮ ಬಣ್ಣದ ಕಟ್ಟೆಯ ಮುಂದೆ ಇಡೀ ಕೇರಿ ಸೇರಿತು. ಮುದುಕರು, ಮೊಲೆ ಕುಡಿಸುವ ಹೆಂಗಸರು, ಎಲ್ಲ. ನಾನು ಜೊತೆಗೆ ತಂದಿದ್ದ ಕಟ್ಟಳೆಯ ನಕಲನ್ನು ಬಿಡಿಸಿ ಒಂದೊಂದೇ ಸಾಲು ಓದಿದೆ. ಒಳ್ಳೆಯದನ್ನು ಒಳ್ಳೆಯದೆಂದು, ಕೆಟ್ಟದ್ದನ್ನು ಕೆಟ್ಟದ್ದೆಂದು ಹೇಳಿದೆ. ಹೊಸ ರಾಟೆಯವನು ನಮ್ಮ ಬಾಯಿ ಮುಚ್ಚಿಸಿದರೆ ಎಂದು ಒಬ್ಬಳು ಕೇಳಿದಳು. ಕೇಳದೆ ಮನೆಯೊಳಗೆ ನುಗ್ಗಿದರೆ ಎಂದು ಇನ್ನೊಬ್ಬ. ನಮ್ಮ ದೇವರನ್ನು ಬಿಡಿ ಅಂದರೆ ಎಂದು ಮತ್ತೊಬ್ಬ. ಫಕೀರಪ್ಪ ಎದ್ದು, "ಸಿಟ್ಟಿಗೆದ್ದು ಬಿಚ್ಚಿಕೊಳ್ಳೂದು ಸಸಾರ. ಬರದ ಕೊಡ್ರಿ ಅನ್ನೋಣು. ಈ ಮೂರೂ ಮಾತು ಬಟ್ಟಿ ಮ್ಯಾಲ ಬಂದ್ರ ಹಿಡಿಕೇರಿ ಹೂಂ ಅಂತೈತಿ," ಎಂದ. ಎಲ್ಲರೂ ಕೈ ಎತ್ತಿದರು. ನಮ್ಮ ಕೇರಿಯಲ್ಲಿ ಅರ್ಧ ಜನ ಬಣ್ಣದವರು. ನೀಲಿ, ಕೆಂಪು, ಅರಿಶಿನ ಬಣ್ಣದ ಕೈಗಳು ಒಟ್ಟಿಗೆ ಮೇಲೆದ್ದವು. ಅದನ್ನು ನೆನೆದರೆ ಈಗಲೂ ನನಗೆ ಎದೆ ತುಂಬುತ್ತದೆ.

ಎಣ್ಣೆಕೇರಿಯವರು ಒಲ್ಲೆ ಎಂದು ಕೂತಿದ್ದರು. ಕಟ್ಟಳೆ ಜಾರಿಗೆ ಬರಲೂ ನಾಲ್ಕು ಕೇರಿಗಳ ಹೂಂ ಬೇಕಿತ್ತು, ಹಾಗಾಗಿ ನಮ್ಮದಿಲ್ಲದೆ ಅದು ನಿಲ್ಲುವಂತಿರಲಿಲ್ಲ. ಮಾಸ್ತರರು ಆ ಮೂರೂ ಮಾತನ್ನು, ಅದಕ್ಕೆ ಹೊಂದುವ ಇನ್ನೂ ಕೆಲವನ್ನು ಸೇರಿಸಿದರು. ಎಣ್ಣೆಕೇರಿಯೂ ಗೊಣಗುತ್ತ ಬಂತು. ನಡುಗಲ್ಲಿನ ಮೇಲೆ ರಾಟೆ ಎದ್ದಿತು. ಬಾಳನಗೌಡರನ್ನೇ ಮೊದಲ ರಾಟೆಗಾರರೆಂದು ಆರಿಸಿದರು. ಹಗ್ಗ ಎಳೆಯುವ ದಿನ ಎರಡೂ ಸಭೆಯವರು ಒಂದೊಂದು ಅಗುಳಿ ತೆಗೆದೆವು. ಗೌಡರು ಹಿಡಿಕೆಗೆ ಕೈ ಹಾಕಿದರು. ಹಗ್ಗಗಳು ನೀರಿನಿಂದ ಮೇಲೆದ್ದು ಬಿಗಿಯಾದವು. ಐದೂ ಕೇರಿಗಳು ಒಟ್ಟಿಗೆ, ಯಾರೂ ಯಾರಿಗೂ ಗುದ್ದದೆ, ಮೆಲ್ಲಗೆ ಹತ್ತಿರ ಬಂದವು. ಅಂಗಳದಲ್ಲಿ ನಿಂತವರು ಎದುರಿನ ಅಂಗಳದವರ ಮುಖ ನೋಡುತ್ತಿದ್ದರು. ಯಾವನೂ ನಮ್ಮನ್ನು ಎಳೆಯುತ್ತಿರಲಿಲ್ಲ. ನಾವೇ ಹೇಳಿ, ನಾವೇ ಬಂದಿದ್ದೆವು. ಆ ವರ್ಷದ ಬಿರುಗಾಳಿಯಲ್ಲಿ ಒಂದು ಹೆಂಚೂ ಹಾರಲಿಲ್ಲ.

ಎರಡು ಅವಧಿ ಮುಗಿಸಿ ಬಾಳನಗೌಡರು ತಾವಾಗಿಯೇ ಹಿಡಿಕೆ ಬಿಟ್ಟು ಹೊಲಕ್ಕೆ ಹೋದರು. ಸಾಯುವಾಗ ತಮ್ಮ ಮನೆಯ ಜೀತದವರನ್ನು ಬಿಡಬೇಕೆಂದು ಹೇಳಿ ಸತ್ತರು. ಬದುಕಿದ್ದಾಗ ಯಾಕೆ ಹೇಳಲಿಲ್ಲ ಎಂದು ನಾನು ಅವರ ಸಮಾಧಿಯ ಮುಂದೆ ನಿಂತು ಕೇಳಿದ್ದುಂಟು. ನಾನು ಕೇರಿ ಲೆಕ್ಕದ ಸಭೆಯಲ್ಲಿ ಉಳಿದೆ. ಪ್ರತಿ ವರ್ಷ ದೋಣಿಯವರ ಮಾತು ಎತ್ತುತ್ತಿದ್ದೆ, ಪ್ರತಿ ವರ್ಷ ಸೋಲುತ್ತಿದ್ದೆ. ನಾನು ಎದ್ದರೆ ಕೆಲವರು ಎಲೆ ಅಡಿಕೆ ಹಾಕಲು ಹೊರಗೆ ಹೋಗುತ್ತಿದ್ದರು. ನನ್ನ ಕೂದಲು ಬೆಳ್ಳಗಾಯಿತು. ಮಾಸ್ತರರ ಕೆಮ್ಮು ಅವರನ್ನು ತೆಗೆದುಕೊಂಡು ಹೋಯಿತು. ಒಂದು ವರ್ಷ ದೋಣಿಯವರೇ ಹುಟ್ಟು ಕೆಳಗಿಟ್ಟರು. ಹುಲಿಗೆವ್ವ ಮುಂದೆ ನಿಂತಿದ್ದಳು. ಭಟ್ಟಿಗಳು ಆರಿದವು. ಸುಣ್ಣದಕೇರಿಯವರು ಕೊಡಲಿ ಹಿಡಿದು ರಾಟೆಯ ಹಗ್ಗ ಕಡಿಯಲು ಬಂದರು. ಉಳಿದ ನಾಲ್ಕು ಕೇರಿಯವರು ಹಗ್ಗದ ಮೇಲೆ ಮೈ ಚೆಲ್ಲಿ ಅಡ್ಡ ಮಲಗಿದರು. ರಕ್ತ ಬಿತ್ತು, ಹೆಣಗಳೂ ಬಿದ್ದವು. ಹಗ್ಗ ಹರಿಯಲಿಲ್ಲ. ಆಮೇಲೆ ಬಟ್ಟೆಯ ಮೇಲಿನ ಇಬ್ಬರಿಗೊಂದು ತಲೆ ಎಂಬ ಸಾಲನ್ನು ಹೊಡೆದುಹಾಕಿ, ಈ ನೀರಿನ ಮೇಲೆ ಯಾರೂ ಯಾರ ಜೀತದಾಳೂ ಅಲ್ಲ ಎಂದು ಬರೆದೆವು. ದೋಣಿಗಳೆಲ್ಲ ಸೇರಿ ಆರನೆಯ ಕೇರಿಯಾಯಿತು. ದೋಣಿಕೇರಿಯ ಮೊದಲ ಕೈ ಎಂದು ಹುಲಿಗೆವ್ವ ಸಭೆಗೆ ಬಂದಳು.

ಅವಳು ಬಂದ ವರ್ಷ ನಾನೊಂದು ಸೂಚನೆ ತಂದೆ. ಬೇಸಿಗೆಯಲ್ಲಿ ಹಗ್ಗ ಸಡಿಲ ಬಿಟ್ಟು ಎಲ್ಲ ಕೇರಿಗಳನ್ನೂ ಕೆರೆಯ ತೆಂಕಣ ಮೂಲೆಯ ಕೊಳ್ಳದ ಹತ್ತಿರಕ್ಕೆ ತೇಲಿಸಬೇಕು, ಅಲ್ಲಿಯ ನೀರು ತಿಳಿ, ಬಣ್ಣ ಚೆನ್ನಾಗಿ ಹಿಡಿಯುತ್ತದೆ, ಮಗ್ಗದವರಿಗೂ ನಮಗೂ ಲಾಭ ಎಂದು. ಒಪ್ಪಿಯೇ ಒಪ್ಪುತ್ತಾರೆ ಎಂದು ನನಗೆ ಖಾತ್ರಿ ಇತ್ತು. ಇಡೀ ಸಭೆಯಲ್ಲಿ ಎಲ್ಲರಿಗಿಂತ ಹಿರಿಯಳು ನಾನು.

ಹುಲಿಗೆವ್ವ ಎದ್ದಳು. "ನೀಲಗಂಗವ್ವನ್ನ ಮೀರಿ ಮಾತಾಡಾಕ ನನಗ ಸಂಕಟ ಆಗತೈತಿ," ಎಂದಳು. "ಆದ್ರೂ ಇದು ಬ್ಯಾಡ. ಕೊಳ್ಳದಾಗ ಮೀನು ತತ್ತಿ ಇಡ್ತಾವ. ಇಷ್ಟು ಕೇರಿ ಅಲ್ಲಿ ಹೋಗಿ ಕುಂತ್ರ ಮೀನ ಹಿಡದು ಬದುಕೋ ನಮ್ಮ ಜನಾ ಮಳಿಗಾಲಕ್ಕ ಉಪಾಸ."

ನಾನು ತಿರುಗಿ ವಾದಿಸಿದೆ. ಬಿಟ್ಟುಕೊಡಲಿಲ್ಲ. ಅವಳೂ ಬಿಟ್ಟುಕೊಡಲಿಲ್ಲ. ಅವಳ ದನಿ ಗಟ್ಟಿಯಾಯಿತು. ಒಂದು ಸಲ ನಾನು ನಡುವೆ ಬಾಯಿ ಹಾಕಿದಾಗ, "ನನ್ನ ಮಾತು ಮುಗಿಲಿ ಯಕ್ಕಾ," ಎಂದಳು. ನಾನು ಬಾಯಿ ಮುಚ್ಚಿದೆ. ಕೈ ಎತ್ತಿಸಿದರು. ಹಿಡಿಕೇರಿ, ಮಗ್ಗದಕೇರಿ ನನ್ನ ಕಡೆ. ಉಳಿದವೆಲ್ಲ ಅವಳ ಕಡೆ. ಸುಣ್ಣದಕೇರಿಯ ಕೈ ಕೂಡ, ಜಂಬಣ್ಣನ ಮೊಮ್ಮಗಳದು.

ಮನೆಗೆ ಬಂದಾಗ ಫಕೀರಪ್ಪ ಕಟ್ಟೆಯ ಮೇಲೆ ಕೂತಿದ್ದ. ನನ್ನ ಮುಖ ನೋಡಿ, "ಗೆದ್ದಿ ಕಾಣಸತೈತಿ," ಎಂದ.

"ಇಲ್ಲ," ಎಂದೆ. "ಹುಲಿಗೆವ್ವ ನನ್ನ ಸೋಲಿಸಿದ್ಲು. ಎಷ್ಟು ಚಂದ ಮಾತಾಡಿದ್ಲು ಗೊತ್ತೇನು, ಕುಂದರು, ಮೊದಲಿಂದ ಹೇಳ್ತೀನಿ."